ಬೇಸಿಗೆಯ ಬಿಸಿಲೂ ಹಳ್ಳಿಯ ಹಿರಿಯರೂ

ನಾಶಿಕ ಜಿಲ್ಲೆಯ ಪಶ್ಚಿಮಕ್ಕೆ ತ್ರ್ಯಂಬಕ, ಪೇಠ, ಸುರಗಾಣಾ ತಾಲೂಕುಗಳಿವೆ. ಮಳೆಗಾಲದಲ್ಲಿ ಧಾರಾಕಾರವಾಗಿ ಮಳೆ ಸುರಿಯುವ ಆ ಹಳ್ಳಿಗಳಲ್ಲಿ ಚೈತ್ರ ಕಳೆಯುವಷ್ಟರಲ್ಲಿ ಬಾವಿಯ ತಳ ಕಾಣುತ್ತದೆ. ಪೂರ್ವಕ್ಕೆ ಸರಿದು, 2023ರಲ್ಲಿ ಛತ್ರಪತಿ ಸಂಭಾಜಿನಗರವೆಂದು ಹೆಸರು ಪಡೆದ ಔರಂಗಾಬಾದ ಜಿಲ್ಲೆಯನ್ನು ಹೊಕ್ಕರೆ ಮಳೆಯೇ ಕಡಿಮೆ.

ಹವೆ ಮೊದಲಿನಂತಿಲ್ಲವೆಂದು ಈ ಹಳ್ಳಿಗಳ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೃಗಶಿರಾ ಮಳೆ ಹೊತ್ತಿಗೆ ಬಾರದಿರುವುದನ್ನೂ, 2014ರ ಫೆಬ್ರುವರಿ-ಮಾರ್ಚ ತಿಂಗಳಲ್ಲಿ ಆಲಿಕಲ್ಲು ಬಿದ್ದು ದ್ರಾಕ್ಷಿ ತೋಟಗಳು ನೆಲಕಚ್ಚಿದುದನ್ನೂ ಅವರು ಕಣ್ಣಾರೆ ಕಂಡವರು. ಆದರೆ ಬೆಳೆಯನ್ನು ಕೆಡಿಸುವ ಹವೆ ತಮ್ಮ ದೇಹವನ್ನೂ ಕೆಡಿಸೀತೆಂಬ ಎಣಿಕೆ ಅವರಲ್ಲಿ ಅಷ್ಟಾಗಿ ಮೂಡಿಲ್ಲ. 1972ರ ಬರಗಾಲದಲ್ಲಿ ಪರಿಹಾರದ ಕಾಮಗಾರಿಯ ಮೇಲೆ ಕಲ್ಲೊಡೆದು, ಸರಕಾರ ಹಂಚಿದ ಸುಕಡಿ ತಿಂದು ಬದುಕಿದವರಿಗೆ ಬಿಸಿಲೇನು ದೊಡ್ಡದು? ಈ ಧೈರ್ಯ ಸಹಜವಾದುದೇ. ಅಪಾಯವಿರುವುದೂ ಅದರಲ್ಲಿಯೇ, ಏಕೆಂದರೆ ಅಂದು ಕಲ್ಲೊಡೆದುದು ಇಪ್ಪತ್ತರ ಆಸುಪಾಸಿನ ದೇಹ.

ವಯಸ್ಸಾದಂತೆ ಬೆವರುವ ಶಕ್ತಿ ಕುಂದುತ್ತದೆ. ದೇಹಕ್ಕೆ ನೀರು ಬೇಕಾದಾಗಲೂ ಬಾಯಾರಿಕೆ ತೋರದು. ಚರ್ಮದತ್ತ ಹೆಚ್ಚು ರಕ್ತವನ್ನು ಕಳಿಸಿ ಮೈಯನ್ನು ತಣಿಸುವ ಹೊರೆ ದಣಿದ ಹೃದಯದ ಮೇಲೆ ಬೀಳುತ್ತದೆ. ರಕ್ತದೊತ್ತಡಕ್ಕೆಂದು ಕೊಡುವ ಕೆಲವು ಗುಳಿಗೆಗಳು ಮೂತ್ರವನ್ನು ಹೆಚ್ಚಿಸಿ ಇದ್ದ ನೀರನ್ನೂ ಹೊರಹಾಕುತ್ತವೆ. ಹಾಗೆಂದು ಗುಳಿಗೆ ಬಿಡುವಂತಿಲ್ಲ, ವೈದ್ಯರನ್ನು ಕೇಳಬೇಕು. ಇನ್ನು ಟ್ಯಾಂಕರಿನ ನೀರನ್ನು ಅಳೆದು ಬಳಸುವ ಮನೆಯಲ್ಲಿ ತನ್ನ ಪಾಲನ್ನು ಮೊಮ್ಮಕ್ಕಳಿಗೆ ಬಿಡುವವಳು ಅಜ್ಜಿಯೇ. ಇರುಳು ಏಳಬೇಕಾದೀತೆಂದು ಸಂಜೆಯಿಂದಲೇ ನೀರು ಬಿಡುವವಳೂ ಅವಳೇ. ಮಣ್ಣಿನ ಮಾಳಿಗೆಯ ಮನೆಗಳು ಹೋಗಿ ತಗಡಿನ ಮಾಡು ಬಂದಲ್ಲಿ ಹಗಲಿನ ಕಾವು ಇನ್ನೂ ಹೆಚ್ಚು. ಇರುಳೂ ತಂಪಾಗದಿದ್ದರೆ ದೇಹಕ್ಕೆ ಬಿಡುವೆಂಬುದೇ ಇಲ್ಲ.

ಹಳೆಯ ಉಪಾಯಗಳೆಲ್ಲ ಹುಸಿಯೆಂದಲ್ಲ. ಮಾವಿನಕಾಯಿಯ ಪನ್ಹೆ, ಉಪ್ಪು ಬೆರೆಸಿದ ಮಜ್ಜಿಗೆ, ತಲೆಗೆ ಒದ್ದೆಯ ವಸ್ತ್ರ ಇವೆಲ್ಲ ಒಳ್ಳೆಯವೇ. ಕಿಸೆಯಲ್ಲಿ ಈರುಳ್ಳಿ ಇಟ್ಟುಕೊಂಡರೆ ಬಿಸಿಲು ತಾಕದೆಂಬುದು ಮಾತ್ರ ಬರಿಯ ನಂಬಿಕೆ. ಈರುಳ್ಳಿಯ ನಾಡಾದ ನಾಶಿಕದಲ್ಲಿಯೂ ಅಷ್ಟೇ! ಮೈ ಕಾದು, ಮಾತು ತೊದಲಿ, ಎಚ್ಚರ ತಪ್ಪಿದರೆ ಅದು ದೃಷ್ಟಿದೋಷವಲ್ಲ, ಉಷ್ಣಾಘಾತ. ನೆರಳಿಗೆ ತಂದು, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. 2023ರ ಏಪ್ರಿಲ್ 16ರಂದು ಮುಂಬಯಿಯ ಮಗ್ಗುಲಿನ ಖಾರಘರದಲ್ಲಿ, ಬಯಲಿನಲ್ಲಿ ನಡೆದ ಸಮಾರಂಭಕ್ಕೆ ಬಂದವರಲ್ಲಿ ಹತ್ತಕ್ಕೂ ಮಿಕ್ಕಿ ಜನರು ಬಿಸಿಲಿಗೆ ಬಲಿಯಾದುದನ್ನು ವಾಚಕರು ಮರೆತಿರಲಾರರು.

1956ರವರೆಗೆ ಮರಾಠವಾಡವೂ ನಮ್ಮ ಬೀದರ, ಕಲಬುರ್ಗಿ, ರಾಯಚೂರುಗಳೂ ಒಂದೇ ಹೈದರಾಬಾದ ರಾಜ್ಯದಲ್ಲಿದ್ದವು. ಗಡಿ ಬೇರೆಯಾಯಿತು, ಬಿಸಿಲು ಬೇರೆಯಾಗಲಿಲ್ಲ. ಕಲಬುರ್ಗಿ ವಿಭಾಗದಲ್ಲಿ ಏಪ್ರಿಲ್-ಮೇ ತಿಂಗಳು ಸರಕಾರಿ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1-30ಕ್ಕೆ ಮುಚ್ಚುವ ಏರ್ಪಾಡುಂಟು. ಆಡು ಮೇಯಿಸುವ ಮುದುಕನಿಗೆ ಅಂಥ ಆಜ್ಞೆ ಹೊರಡಿಸುವವರಿಲ್ಲ. ಮುಂಬಯಿಯಿಂದ ಊರಿಗೆ ಫೋನು ಮಾಡುವ ಮಗ ಊಟವಾಯಿತೇ ಎಂದು ಕೇಳುತ್ತಾನೆ. ಹೊಲದಿಂದ ಎಷ್ಟು ಹೊತ್ತಿಗೆ ಬಂದಿರಿ, ನೀರು ಎಷ್ಟು ಸಲ ಕುಡಿದಿರಿ ಎಂದೂ ಕೇಳಬಹುದು.