ಗಡಿ ದಾಟುವ ಬಸ್ಸು

1957ರ ಏಪ್ರಿಲ್ 15ರಂದು ಇಪ್ಪತ್ತು ಪ್ರಯಾಣಿಕರೊಡನೆ ಲಂಡನ್ನಿನಿಂದ ಹೊರಟ ‘ಇಂಡಿಯಾಮನ್’ ಬಸ್ಸು ಕಲ್ಕತ್ತಾ ತಲುಪಿದ್ದು ಜೂನ್ 5ರಂದು. ಒಂದು ಬದಿಯ ದರ 85 ಪೌಂಡ್. ವಿಮಾನಯಾನ ಸಿರಿವಂತರ ಸೊತ್ತಾಗಿದ್ದ ಕಾಲದಲ್ಲಿ, ಸಮಯವುಳ್ಳವರಿಗೆ ಇದು ಲಾಭದ ವ್ಯವಹಾರವೇ ಸರಿ. (ನಿವೃತ್ತರ ಸಮಯಕ್ಕೆ ಅರ್ಥಶಾಸ್ತ್ರ ಕಟ್ಟುವ ಬೆಲೆ ಹೇಗೂ ಕಡಿಮೆ!) 1979ರಲ್ಲಿ ಇರಾನಿನ ಕ್ರಾಂತಿ, ಅದರ ಬೆನ್ನಿಗೇ ಅಫ್ಘಾನಿಸ್ತಾನಕ್ಕೆ ನುಗ್ಗಿದ ಸೋವಿಯತ್ ಸೇನೆ, ಇವೆರಡೂ ಸೇರಿ ಆ ದಾರಿಯನ್ನು ಮುಚ್ಚಿದವು.

ಬಸ್ಸಿನ ದರ ಎಷ್ಟೇ ಅಗ್ಗವಾಗಿರಲಿ, ಗಡಿ ತೆರೆದಿರಬೇಕಲ್ಲ? 1999ರ ಫೆಬ್ರುವರಿಯಲ್ಲಿ ಪ್ರಧಾನಿ ವಾಜಪೇಯಿಯವರು ಪಯಣಿಸಿದ ದೆಹಲಿ–ಲಾಹೋರ್ ಬಸ್ಸು ಕಾರ್ಗಿಲ್ ಕದನದ ನಡುವೆಯೂ ಓಡಿತು. 2001ರ ಸಂಸತ್ ದಾಳಿಯ ತರುವಾಯ ನಿಂತು, 2003ರಲ್ಲಿ ಮರಳಿ, 2019ರ ಆಗಸ್ಟ್‌ನಲ್ಲಿ ಮತ್ತೆ ಸ್ಥಗಿತಗೊಂಡಿತು. ನೇರ ಸಂಪರ್ಕ ಕಡಿದಾಗ ಉಳ್ಳವರು ದುಬೈ ಸುತ್ತಿಕೊಂಡಾದರೂ ಹೋದಾರು. ಆಚೆಗಿರುವ ತಂಗಿಯ ಮಗಳ ಮದುವೆಗೆ ಹೊರಟ ದರ್ಜಿಗೆ ಬಸ್ಸಿನ ಹೊರತು ಗತಿಯಿರಲಿಲ್ಲ. ಭದ್ರತೆಯ ಲೆಕ್ಕ ಹಾಕುವವರು ಈ ನಷ್ಟವನ್ನು ಯಾವ ಕಲಮಿನಲ್ಲೂ ಬರೆಯುವುದಿಲ್ಲ.

ನೇಪಾಳದ ಮಾತು ಬೇರೆ. 2014ರ ನವೆಂಬರ್‌ನಲ್ಲಿ ದೆಹಲಿ–ಕಠ್ಮಂಡು ಬಸ್ಸು ಆರಂಭವಾಯಿತು. ಅಲ್ಲಿಗೆ ಹೋಗಲು ಭಾರತೀಯರಿಗೆ ವೀಸಾ ಬೇಡ; ಪಾಸ್‌ಪೋರ್ಟ್ ಇಲ್ಲದಿದ್ದರೆ, ನಾವು ಮತಗಟ್ಟೆಗೆ ಒಯ್ಯುವ ಅದೇ ಗುರುತಿನ ಚೀಟಿ ಸಾಕು.