ಕೂತಲ್ಲಿ ಕೂರದ ಮಕ್ಕಳು

ಊರಿನಿಂದ ಮೌಂಟ್ ರಾಸ್ಕಿಲ್‌ಗೆ ಬಂದ ಅಜ್ಜಿಯರು ಮೊಮ್ಮಗನ ಗಲಾಟೆ ನೋಡಿ ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ಇವರಪ್ಪನೂ ಚಿಕ್ಕವನಿದ್ದಾಗ ಹೀಗೇ ಇದ್ದ, ಈಗ ಸರಿಹೋಗಲಿಲ್ಲವೇ?" ಈ ಮಾತಿನ ಮೊದಲರ್ಧ ವೈದ್ಯರಿಗೆ ಒಳ್ಳೆಯ ಸುಳಿವು. ಎ.ಡಿ.ಎಚ್.ಡಿ., ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ, ಬಹುಮಟ್ಟಿಗೆ ವಂಶದಲ್ಲಿ ಹರಿದು ಬರುವಂಥದ್ದು. ಸುಮಾರು ಶೇ. 5ರಷ್ಟು ಮಕ್ಕಳಲ್ಲಿ ಇದು ಕಂಡುಬರುತ್ತದೆ. ತಾಯಿಯ ಮುದ್ದಿನಿಂದಾಗಲೀ ಸಿಹಿತಿಂಡಿಯಿಂದಾಗಲೀ ಬರುವುದಿಲ್ಲ.

ಹಾಗೆಂದು ತುಂಟರಿಗೆಲ್ಲ ಈ ಹೆಸರು ಹಚ್ಚಬಾರದು. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು, ಕನಿಷ್ಠ 6 ತಿಂಗಳು ಇರಬೇಕು, ಮನೆ ಮತ್ತು ಶಾಲೆ ಎರಡೂ ಕಡೆ ಕಾಣಬೇಕು, ಓದಿಗೋ ಸ್ನೇಹಕ್ಕೋ ಅಡ್ಡಿಯಾಗಬೇಕು. "ವಿಡಿಯೋ ಗೇಮ್ ಮುಂದೆ ಎರಡು ಗಂಟೆ ಅಲ್ಲಾಡದೆ ಕೂರ್ತಾನಲ್ಲ ಡಾಕ್ಟ್ರೇ" ಎನ್ನುತ್ತಾರೆ. ಕೂರುತ್ತಾನೆ, ಕ್ಷಣಕ್ಷಣಕ್ಕೂ ಬಹುಮಾನ ಕೊಡುವ ಆಟ ಅದು, ಮಗ್ಗಿ ಹಾಗಲ್ಲ. ಹೆಣ್ಣುಮಕ್ಕಳಲ್ಲಿ ಎಷ್ಟೋ ಸಲ ಗಲಾಟೆಯೇ ಇರುವುದಿಲ್ಲ. ಕಿಟಕಿಯಾಚೆ ನೋಡುತ್ತಾ ಸುಮ್ಮನೆ ಕೂತ ಹುಡುಗಿಯನ್ನು "ಪಾಪ, ಸಾಧು" ಎಂದು ವರ್ಷಗಟ್ಟಲೆ ಯಾರೂ ಗಮನಿಸುವುದಿಲ್ಲ. ಕಿವಿ, ಕಣ್ಣು, ನಿದ್ದೆ ಸರಿಯಿವೆಯೇ ಎಂದು ಮೊದಲು ನೋಡಿಸಿ.

ನನಗೆ ಬೇಸರ ತರುವ ಸಂಗತಿ ಒಂದಿದೆ. ಟೀಚರಿಂದ ದೂರು ಬಂದ ಕೂಡಲೇ ಕೆಲವರು ಮನೆಯಲ್ಲಿ ಕನ್ನಡ ನಿಲ್ಲಿಸಿಬಿಡುತ್ತಾರೆ, ಎರಡು ಭಾಷೆಯಿಂದ ಮಗುವಿಗೆ ಗೊಂದಲ ಎಂದು. ಎರಡು ಭಾಷೆ ಈ ತೊಂದರೆಗೆ ಕಾರಣವಲ್ಲ. ಕನ್ನಡ ಬಿಡಿಸಿದರೆ ಗಮನ ಹೆಚ್ಚುವುದಿಲ್ಲ, ಅಜ್ಜಿಯ ಜೊತೆಗಿನ ಮಾತು ನಿಲ್ಲುತ್ತದೆ, ಅಷ್ಟೇ. ಕನ್ನಡ ಪರೀಕ್ಷೆಗೂ ಉಪಯೋಗಕ್ಕೆ ಬರುತ್ತದೆ: ಇಂಗ್ಲಿಷ್ ತರಗತಿಯಲ್ಲಿ ಮಾತ್ರ ಮನಸ್ಸು ಹಾರಿದರೆ ಅದು ಭಾಷೆಯ ತೊಡಕಿರಬಹುದು, ಚೆನ್ನಾಗಿ ಬರುವ ಕನ್ನಡದಲ್ಲಿ ಹೇಳಿದ ಕಥೆಯ ನಡುವೆಯೂ ಎದ್ದು ಓಡಿದರೆ ಯೋಚಿಸಬೇಕು. ಇದನ್ನು ವೈದ್ಯರಿಗೆ ತಿಳಿಸಿ, ಅವರಿಗೆ ಬೇರೆ ದಾರಿಯಲ್ಲಿ ಗೊತ್ತಾಗದು.

ಮೊದಲು ನಿಮ್ಮ ಜಿ.ಪಿ. ಬಳಿ ಹೋಗಿ, ಮಕ್ಕಳನ್ನು ಅವರು ತಜ್ಞರ ಬಳಿ ಕಳಿಸುತ್ತಾರೆ. ದೊಡ್ಡವರಿಗಾದರೆ 2026ರ ಫೆಬ್ರವರಿಯಿಂದ ಅರ್ಹ ಜಿ.ಪಿ.ಗಳೇ ತಪಾಸಣೆ ಮಾಡಿ ಮಾತ್ರೆ ಆರಂಭಿಸಬಹುದು. ಮಗನ ಫಾರಂ ತುಂಬುತ್ತಾ ತಮ್ಮನ್ನೇ ಕಂಡುಕೊಳ್ಳುವ ಅಪ್ಪಂದಿರಿಗೆ ಇದು ಅನುಕೂಲ.

ತೀರಾ ಚಿಕ್ಕ ಮಕ್ಕಳಿಗೆ ಮೊದಲು ತಂದೆತಾಯಿಗೇ ತರಬೇತಿ. "ಶೂ ಹಾಕು, ಬ್ಯಾಗ್ ತಗೋ, ಟಿಫಿನ್ ಮರೀಬೇಡ" ಎಂದು ಒಂದೇ ಉಸಿರಿಗೆ ಹೇಳಬೇಡಿ. ಹತ್ತಿರ ಹೋಗಿ ಒಂದು ಮಾತು; ಮಾಡಿದ ಕೂಡಲೇ ಶಭಾಷ್; ಆಮೇಲೆ ಇನ್ನೊಂದು. ದೊಡ್ಡ ಮಕ್ಕಳಿಗೆ ಹೆಚ್ಚಾಗಿ ಕೊಡುವುದು ಮೀಥೈಲ್‌ಫೆನಿಡೇಟ್. ಇದರ ರಿಟಾಲಿನ್ ಎಂಬ ಹೆಸರು ಬಂದದ್ದು ಅದನ್ನು ತಯಾರಿಸಿದ ರಸಾಯನಶಾಸ್ತ್ರಜ್ಞನ ಹೆಂಡತಿ ರೀಟಾಳಿಂದ! ಹಸಿವು ತಗ್ಗುತ್ತದೆ, ನಿದ್ದೆ ತಡವಾಗಬಹುದು. ಆದ್ದರಿಂದ ಬೆಳಗಿನ ದೋಸೆ ಮಾತ್ರೆಗಿಂತ ಮುಂಚೆ ಹೊಟ್ಟೆ ಸೇರಲಿ. ತೂಕ, ಎತ್ತರ, ರಕ್ತದೊತ್ತಡ ಆಗಾಗ ನೋಡಿಸಿ. ಇದು ನಿಯಂತ್ರಿತ ಔಷಧಿ, ಬೆಂಗಳೂರಿನಿಂದ ಪೋಸ್ಟ್‌ನಲ್ಲಿ ತರಿಸಬೇಡಿ. ರಜೆಗೆ ಊರಿಗೆ ಹೊರಟಾಗ ಮಾತ್ರೆ ಮೂಲ ಡಬ್ಬಿಯಲ್ಲೇ ಇರಲಿ, ವೈದ್ಯರ ಚೀಟಿ ಜೊತೆಗಿರಲಿ, ಎಷ್ಟು ಒಯ್ಯಬಹುದೆಂದು ಫಾರ್ಮಸಿಯಲ್ಲಿ ಮೊದಲೇ ಕೇಳಿ.