ಬ್ಲ್ಯಾಕ್ ಸಬ್ಬತ್ (ಆಲ್ಬಮ್)

ಬ್ಲ್ಯಾಕ್ ಸಬ್ಬತ್ ಎಂಬುದು ಅದೇ ಹೆಸರಿನ ಇಂಗ್ಲಿಷ್ ರಾಕ್ ತಂಡದ ಚೊಚ್ಚಲ ಆಲ್ಬಮ್. ಇದನ್ನು ವರ್ಟಿಗೊ ಸಂಸ್ಥೆಯು 1970ರ ಫೆಬ್ರವರಿ 13ರಂದು ಬ್ರಿಟನ್ನಿನಲ್ಲಿ ಬಿಡುಗಡೆ ಮಾಡಿತು. ಅಮೆರಿಕದಲ್ಲಿ ಅದೇ ವರ್ಷದ ಜೂನ್ ತಿಂಗಳಲ್ಲಿ ವಾರ್ನರ್ ಬ್ರದರ್ಸ್ ಸಂಸ್ಥೆಯ ಮೂಲಕ ಹೊರಬಂದಿತು. ಹೆವಿ ಮೆಟಲ್ ಸಂಗೀತ ಪ್ರಕಾರದ ಮೊದಲ ಆಲ್ಬಮ್ ಇದೇ ಎಂದು ಅನೇಕ ವಿಮರ್ಶಕರು ಪರಿಗಣಿಸುತ್ತಾರೆ.

ಹಿನ್ನೆಲೆ

ತಂಡದ ನಾಲ್ವರೂ ಇಂಗ್ಲೆಂಡಿನ ಕೈಗಾರಿಕಾ ನಗರವಾದ ಬರ್ಮಿಂಗ್‌ಹ್ಯಾಮ್‌ನ ಶ್ರಮಿಕ ಕುಟುಂಬಗಳಿಂದ ಬಂದವರು. ಆಜಿ ಆಜ್‌ಬರ್ನ್ ಗಾಯಕ, ಟೋನಿ ಅಯೋಮಿ ಗಿಟಾರ್ ವಾದಕ, ಗೀಜರ್ ಬಟ್ಲರ್ ಬೇಸ್ ಗಿಟಾರ್ ವಾದಕ ಮತ್ತು ಬಿಲ್ ವಾರ್ಡ್ ಡ್ರಮ್ಸ್ ವಾದಕ. ಮೊದಲು 'ಅರ್ಥ್' ಎಂಬ ಹೆಸರಿನಲ್ಲಿ ಬ್ಲೂಸ್ ಸಂಗೀತ ನುಡಿಸುತ್ತಿದ್ದ ಇವರು, ಅದೇ ಹೆಸರಿನ ಇನ್ನೊಂದು ತಂಡವಿದ್ದುದರಿಂದ 1969ರಲ್ಲಿ ಹೆಸರನ್ನು ಬದಲಿಸಿಕೊಂಡರು. ಹೊಸ ಹೆಸರನ್ನು ಬೋರಿಸ್ ಕಾರ್ಲಾಫ್ ನಟಿಸಿದ 1963ರ ಭಯಾನಕ ಚಲನಚಿತ್ರವೊಂದರಿಂದ ಪಡೆಯಲಾಯಿತು.

ಅಯೋಮಿಯವರು ಹದಿನೇಳನೆಯ ವಯಸ್ಸಿನಲ್ಲಿ ಲೋಹದ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ, ಯಂತ್ರಕ್ಕೆ ಸಿಲುಕಿ ಬಲಗೈಯ ಎರಡು ಬೆರಳುಗಳ ತುದಿಗಳನ್ನು ಕಳೆದುಕೊಂಡರು. ಎಡಗೈ ವಾದಕರಾದ ಅವರಿಗೆ ತಂತಿಗಳನ್ನು ಒತ್ತಲು ಬಲಗೈಯೇ ಆಧಾರವಾಗಿತ್ತು. ಬೆಂಕಿಯಿಂದ ಕೈಗೆ ಹಾನಿಯಾಗಿಯೂ ಪ್ರಸಿದ್ಧ ಗಿಟಾರ್ ವಾದಕರಾಗಿದ್ದ ಜಾಂಗೊ ರೈನ್‌ಹಾರ್ಟ್ ಅವರ ಧ್ವನಿಮುದ್ರಿಕೆಯನ್ನು ಕೇಳಿ ಅವರು ಧೈರ್ಯ ತಂದುಕೊಂಡರು. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗಳನ್ನು ಮಾಡಿಕೊಂಡು, ಒತ್ತಲು ಸುಲಭವಾದ ತೆಳು ತಂತಿಗಳನ್ನು ಬಳಸತೊಡಗಿದರು. ಅವರ ವಾದನಶೈಲಿ ರೂಪುಗೊಂಡದ್ದು ಈ ಹೊಂದಾಣಿಕೆಯ ನಡುವೆ.

ಧ್ವನಿಮುದ್ರಣ

ನಿರ್ಮಾಪಕ ರಾಜರ್ ಬೇನ್ ಅವರ ಮೇಲ್ವಿಚಾರಣೆಯಲ್ಲಿ, 1969ರ ಕೊನೆಯ ಭಾಗದಲ್ಲಿ, ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೋದಲ್ಲಿ ಮುದ್ರಣ ನಡೆಯಿತು. ಹಣ ಕಡಿಮೆಯಿದ್ದುದರಿಂದ ಹಾಡುಗಳೆಲ್ಲವೂ ಒಂದೇ ದಿನದಲ್ಲಿ ಮುಗಿದವು. ತಂಡವು ವೇದಿಕೆಯ ಮೇಲೆ ನುಡಿಸುವಂತೆಯೇ ಒಟ್ಟಾಗಿ ನುಡಿಸಿತು. ಅಯೋಮಿಯವರ ಮೊದಲ ಗಿಟಾರ್ ಮಧ್ಯದಲ್ಲಿ ಕೆಟ್ಟುಹೋದುದರಿಂದ ಗಿಬ್ಸನ್ ಎಸ್‌ಜಿ ಗಿಟಾರನ್ನು ಬಳಸಬೇಕಾಯಿತು. ಮುಂದೆ ಆ ಮಾದರಿಯೇ ಅವರ ಗುರುತಾಯಿತು. ಆರಂಭದಲ್ಲಿ ಕೇಳಿಬರುವ ಮಳೆ, ಗುಡುಗು ಮತ್ತು ಗಂಟೆಯ ಸದ್ದುಗಳನ್ನು ಆಮೇಲೆ ಸೇರಿಸಲಾಯಿತು.

ಸಂಗೀತ ಮತ್ತು ಸಾಹಿತ್ಯ

ಶೀರ್ಷಿಕೆ ಗೀತೆಯು ಮೂರು ಸ್ವರಗಳ ನಿಧಾನಗತಿಯ ಪಲುಕಿನ ಮೇಲೆ ನಿಂತಿದೆ. ಪಾಶ್ಚಾತ್ಯ ಸಂಗೀತದಲ್ಲಿ 'ಟ್ರೈಟೋನ್' ಎನ್ನಲಾಗುವ ಅಂತರ ಇದರಲ್ಲಿದೆ. ಕರ್ನಾಟಕ ಸಂಗೀತದ ಪರಿಭಾಷೆಯಲ್ಲಿ ಹೇಳುವುದಾದರೆ, ಇದು ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ನಡುವಣ ಅಂತರ. ಕಲ್ಯಾಣಿಯಂತಹ ರಾಗಗಳಲ್ಲಿ ಈ ಸ್ವರ ನಮಗೆ ಹಿತವಾಗಿಯೇ ಕೇಳುತ್ತದೆ. ಆದರೆ ಪಾಶ್ಚಾತ್ಯ ಪರಂಪರೆಯಲ್ಲಿ ಈ ಅಂತರವು ಅಪಸ್ವರದ, ಆತಂಕದ ಸೂಚಕವೆನಿಸಿತ್ತು. ಹೋಲ್ಸ್ಟ್ ಅವರ 'ದಿ ಪ್ಲಾನೆಟ್ಸ್' ಕೃತಿಯ ಮಂಗಳ ಗ್ರಹದ ಭಾಗವು ಈ ಪಲುಕಿಗೆ ಪ್ರೇರಣೆಯಾಯಿತು.

'ದಿ ವಿಜರ್ಡ್' ಹಾಡಿನಲ್ಲಿ ಆಜ್‌ಬರ್ನ್ ಹಾರ್ಮೋನಿಕಾ ನುಡಿಸಿದ್ದಾರೆ, 'ಎನ್.ಐ.ಬಿ.' ಹಾಡಿನಲ್ಲಿ ಸೈತಾನನೇ ಪ್ರೇಮಿ. 'ಈವಿಲ್ ವುಮನ್' ಮತ್ತು 'ವಾರ್ನಿಂಗ್' ಇತರ ತಂಡಗಳ ಹಾಡುಗಳು. ಅಮೆರಿಕದ ಆವೃತ್ತಿಯಲ್ಲಿ 'ಈವಿಲ್ ವುಮನ್' ಬದಲಿಗೆ 'ವಿಕೆಡ್ ವರ್ಲ್ಡ್' ಇದೆ.

ಹೊದಿಕೆ

ಮುಖಪುಟದ ಛಾಯಾಚಿತ್ರವನ್ನು ಆಕ್ಸ್‌ಫರ್ಡ್‌ಶೈರ್‌ನ ಮೇಪಲ್‌ಡರಮ್ ಜಲಗಿರಣಿಯ ಬಳಿ ತೆಗೆಯಲಾಯಿತು. ಒಳಪುಟದಲ್ಲಿ ಮುದ್ರಿಸಿದ ತಲೆಕೆಳಗಾದ ಶಿಲುಬೆಯು ತಂಡದ ಆಯ್ಕೆಯಾಗಿರಲಿಲ್ಲ. ಆದರೂ ಸದಸ್ಯರು ಸೈತಾನನ ಆರಾಧಕರೆಂಬ ಅಪವಾದಕ್ಕೆ ಅದು ಇಂಬು ಕೊಟ್ಟಿತು. ವಾಸ್ತವವಾಗಿ ಶೀರ್ಷಿಕೆ ಗೀತೆಯಲ್ಲಿ ಇರುವುದು ಆರಾಧನೆಯಲ್ಲ, ಭಯ.

ಪ್ರತಿಕ್ರಿಯೆ ಮತ್ತು ಪ್ರಭಾವ

ಸಮಕಾಲೀನ ವಿಮರ್ಶಕರಲ್ಲಿ ಹಲವರು ಆಲ್ಬಮ್ಮನ್ನು ತಿರಸ್ಕರಿಸಿದರು. ರೋಲಿಂಗ್ ಸ್ಟೋನ್ ಪತ್ರಿಕೆಯಲ್ಲಿ ಲೆಸ್ಟರ್ ಬ್ಯಾಂಗ್ಸ್ ಕಟುವಾಗಿ ಟೀಕಿಸಿದರು. ಕೇಳುಗರ ತೀರ್ಪು ಬೇರೆಯಾಗಿತ್ತು. ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ 8ನೆಯ ಸ್ಥಾನವನ್ನೂ ಅಮೆರಿಕದಲ್ಲಿ 23ನೆಯ ಸ್ಥಾನವನ್ನೂ ತಲುಪಿತು. 2017ರಲ್ಲಿ ಅದೇ ರೋಲಿಂಗ್ ಸ್ಟೋನ್ ಪತ್ರಿಕೆ ತನ್ನ ನೂರು ಶ್ರೇಷ್ಠ ಮೆಟಲ್ ಆಲ್ಬಮ್‌ಗಳ ಪಟ್ಟಿಯಲ್ಲಿ ಇದಕ್ಕೆ 5ನೆಯ ಸ್ಥಾನ ನೀಡಿತು. ಡೂಮ್ ಮೆಟಲ್ ಎಂಬ ಮಂದಗತಿಯ ಉಪಪ್ರಕಾರಕ್ಕೆ ಶೀರ್ಷಿಕೆ ಗೀತೆಯೇ ಮೂಲಮಾದರಿ ಎನ್ನಲಾಗುತ್ತದೆ.

ಮೂಲ ಸದಸ್ಯರು ಕೊನೆಯದಾಗಿ ಒಟ್ಟಿಗೆ ನುಡಿಸಿದ್ದು 2025ರ ಜುಲೈ 5ರಂದು, ತಮ್ಮ ಹುಟ್ಟೂರಾದ ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ. ಅದೇ ತಿಂಗಳ 22ರಂದು ಆಜ್‌ಬರ್ನ್ ನಿಧನರಾದರು.